ಗುಪ್ತಮಾರ್ಗದ ಭಂಗ: ವಿಪಿಎನ್ ಜೋಡಣೆಯ ದೋಷಗಳೂ ಅವುಗಳ ನಿದಾನಕ್ರಮವೂ

‘ಸರ್ವರ್ ಇಲ್ಲ’ ಎಂಬ ಎರಡು ಪದಗಳ ವಾಕ್ಯ ಇಂದು ಹಳ್ಳಿಪಟ್ಟಣಗಳ ಕಚೇರಿಗಳಲ್ಲಿ ಕೇಳಿಬರುವಷ್ಟು ಬೇರೆ ಯಾವ ವಾಕ್ಯವೂ ಕೇಳಿಬರಲಾರದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ರೈತನೊಬ್ಬನು ಬೆಳಗಿನ ಬಸ್ಸು ಹಿಡಿದು ಪಟ್ಟಣಕ್ಕೆ ಬಂದು, ಸರದಿಯಲ್ಲಿ ನಿಂತು, ಕೊನೆಗೆ ಈ ಮಾತನ್ನು ಕೇಳಿ ಹಿಂದಿರುಗಿದರೆ ಅವನು ಕಳೆದುಕೊಳ್ಳುವುದು ಒಂದು ದಿನದ ದುಡಿಮೆಯನ್ನು. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ದೋಷವಿಲ್ಲ. ತರ್ಕದ ದೃಷ್ಟಿಯಿಂದ ನೋಡಿದರೆ ಇದು ನಿರ್ಣಯವೇ ಅಲ್ಲ. ರೋಗಿಯ ನಾಡಿಯನ್ನು ಹಿಡಿಯದೆ ‘ಮೈ ಸರಿಯಿಲ್ಲ’ ಎಂದು ಹೇಳಿ ಕಳುಹಿಸಿದ ವೈದ್ಯನ ಮಾತಿಗೂ ಇದಕ್ಕೂ ಭೇದವಿಲ್ಲ. ಮೈ ಸರಿಯಿಲ್ಲವೆಂಬುದು ರೋಗಿಗೂ ಗೊತ್ತಿತ್ತು. ಅವನು ಬಂದದ್ದು ಕಾರಣವನ್ನು ತಿಳಿಯಲು.

ಗಣಕಯಂತ್ರಗಳ ನಡುವಣ ಸಂಪರ್ಕ ಕೆಡುವುದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಈಚಿನ ವರ್ಷಗಳಲ್ಲಿ ಮನೆಮನೆಗೂ ಪರಿಚಿತವಾಗಿರುವುದು ವಿಪಿಎನ್ ಎಂಬ ಗುಪ್ತಮಾರ್ಗದ ಭಂಗ. ಇದರ ದೋಷಗಳು ಹೊರಗೆ ಒಂದೇ ಬಗೆಯಾಗಿ ತೋರಿದರೂ ಒಳಗೆ ಬೇರೆಬೇರೆ. ಲಕ್ಷಣದಿಂದ ಕಾರಣಕ್ಕೆ, ಕಾರಣದಿಂದ ಚಿಕಿತ್ಸೆಗೆ ಹೋಗುವ ಕ್ರಮವೊಂದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪದವಿಚಾರ

ವಿಪಿಎನ್ ಎಂಬುದು ‘ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್’ ಎಂಬ ಮೂರು ಪದಗಳ ಆದ್ಯಕ್ಷರಗಳಿಂದಾದ ಸಂಕ್ಷೇಪ. ಇವುಗಳಲ್ಲಿ ‘ನೆಟ್‌ವರ್ಕ್’ ಎಂದರೆ ಜಾಲ. ‘ಪ್ರೈವೇಟ್’ ಎಂದರೆ ಖಾಸಗಿ. ಇವೆರಡರ ಅರ್ಥದಲ್ಲಿ ತೊಡಕಿಲ್ಲ. ‘ವರ್ಚುಯಲ್’ ಎಂಬುದನ್ನು ಕೆಲವರು ‘ಮಿಥ್ಯಾ’ ಎಂದು ಅನುವಾದಿಸುವುದುಂಟು. ಅದು ಸಮಂಜಸವಲ್ಲ. ಹಗ್ಗದಲ್ಲಿ ತೋರುವ ಹಾವು ಮಿಥ್ಯೆ; ಅದು ಯಾರನ್ನೂ ಕಚ್ಚದು. ಈ ಜಾಲವಾದರೋ ಬೇರೆ ತಂತಿಯಾಗಿ ಭೂಮಿಯ ಮೇಲೆ ಇಲ್ಲದಿದ್ದರೂ, ಬೇರೆ ತಂತಿ ಇದ್ದಿದ್ದರೆ ಯಾವ ಕೆಲಸ ನಡೆಯುತ್ತಿತ್ತೋ ಆ ಕೆಲಸವನ್ನು ನಡೆಸಿಕೊಡುತ್ತದೆ. ಆದ್ದರಿಂದ ‘ಕಲ್ಪಿತ ಖಾಸಗಿ ಜಾಲ’ ಎಂಬ ಹೆಸರು ಹೆಚ್ಚು ಒಪ್ಪುತ್ತದೆ. ವ್ಯವಹಾರದಲ್ಲಿ ವಿಪಿಎನ್ ಎಂಬ ರೂಪವೇ ರೂಢಿಯಾಗಿರುವುದರಿಂದ ಮುಂದೆ ಅದನ್ನೇ ಬಳಸಲಾಗಿದೆ.

ಜಾಲದ ಸ್ವರೂಪ

ಖಾಸಗಿ ಜಾಲವನ್ನು ಎರಡು ವಿಧದಲ್ಲಿ ಕಟ್ಟಬಹುದು. ಮೊದಲನೆಯದು ಪ್ರತ್ಯೇಕ ಮಾರ್ಗವನ್ನೇ ಹಾಕುವುದು. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆಯಿತ್ತ ಯೋಜನೆಯ ಅಂಗವಾಗಿ ರಾಜಧಾನಿ, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳನ್ನು ಜೋಡಿಸಿದ ಕೆ-ಸ್ವಾನ್ ಎಂಬ ರಾಜ್ಯವ್ಯಾಪಿ ಸರ್ಕಾರಿ ಜಾಲವನ್ನು ಈ ವರ್ಗದಲ್ಲಿ ಎಣಿಸಬಹುದು. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಏರಿದಂದಿನಿಂದ ಇಂತಹ ಜಾಲಗಳ ಆರೋಗ್ಯಕ್ಕೂ ರೈತನ ದೈನಂದಿನ ಬದುಕಿಗೂ ನೇರವಾದ ಸಂಬಂಧ ಏರ್ಪಟ್ಟಿತು.

ಪ್ರತ್ಯೇಕ ಮಾರ್ಗ ಎಲ್ಲರಿಗೂ ಎಟುಕುವ ವೆಚ್ಚದ್ದಲ್ಲ. ಎಲ್ಲರೂ ಬಳಸುವ ಅಂತರ್ಜಾಲದ ಹೆದ್ದಾರಿಯಲ್ಲೇ, ಇತರರ ಕಣ್ಣಿಗೆ ಕಾಣದ ಮುಚ್ಚುಹಾದಿಯೊಂದನ್ನು ಕಲ್ಪಿಸಿಕೊಳ್ಳುವುದು ಎರಡನೆಯ ವಿಧಾನ. ಇದೇ ವಿಪಿಎನ್. ಈ ಮುಚ್ಚುಹಾದಿಗೆ ತಂತ್ರಜ್ಞರು ‘ಸುರಂಗ’ ಎಂದೇ ಹೆಸರಿಟ್ಟಿದ್ದಾರೆ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆಯ ಬಳಿ ನೆಲದೊಳಗಣ ಸುರಂಗವನ್ನು ಹೊಕ್ಕು ಆಚೆ ಹೊರಟು ಮಂಡ್ಯದ ಬಯಲಿಗೆ ಹರಿಯುವುದನ್ನು ಬಲ್ಲವರಿಗೆ ಈ ಹೆಸರಿನ ಔಚಿತ್ಯ ತಾನಾಗಿಯೇ ತಿಳಿಯುತ್ತದೆ. ಮೇಲೆ ನಡೆದಾಡುವವರಿಗೆ ಒಳಗಿನ ನೀರು ಕಾಣದು.

ಈ ಸುರಂಗಕ್ಕೆ ಎರಡು ಗುಣಗಳಿರಬೇಕು. ಮೊದಲನೆಯದು ಗೋಪನ. ಒಳಗೆ ಹೋಗುವ ಸಂದೇಶವನ್ನು ನಡುವೆ ಯಾರಾದರೂ ಹಿಡಿದರೂ ಅರ್ಥವಾಗಕೂಡದು. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಓದಿದವರಿಗೆ ಈ ಭಾವ ಹೊಸದಲ್ಲ. ಅಲ್ಲಿ ಪದಗಳೆಲ್ಲ ಪರಿಚಿತವಾದರೂ ಸಂಕೇತದ ಕೀಲಿ ತಿಳಿಯದವನಿಗೆ ತಾತ್ಪರ್ಯ ದಕ್ಕದು. ಎರಡನೆಯದು ಗುರುತು. ಸುರಂಗದ ಆಚೆಯ ತುದಿಯಲ್ಲಿರುವವನು ನಿಜವಾಗಿಯೂ ತಾನು ಹೇಳಿಕೊಳ್ಳುವವನೇ ಹೌದೆ ಎಂಬುದರ ಖಚಿತತೆ. ವಚನದ ಕೊನೆಯ ಅಂಕಿತ ವಚನಕಾರನನ್ನು ತಿಳಿಸುವಂತೆ ಇಲ್ಲಿ ಪ್ರಮಾಣಪತ್ರ, ಪಾಸ್‌ವರ್ಡ್, ಕೀಲಿಸಂಖ್ಯೆಗಳು ವ್ಯಕ್ತಿಯನ್ನು ತಿಳಿಸುತ್ತವೆ. ಆದರೆ ಅಂಕಿತವನ್ನು ಬೇರೊಬ್ಬನೂ ಬರೆದುಬಿಡಬಹುದಷ್ಟೆ. ಆದಕಾರಣ ಇಲ್ಲಿ ಅಂಕಿತವೊಂದೇ ಸಾಲದೆ, ಅದಕ್ಕೆ ಮತ್ತೊಬ್ಬ ವಿಶ್ವಾಸಾರ್ಹನ ಸಾಕ್ಷಿಯೂ ಅವಧಿಯ ನಿರ್ಬಂಧವೂ ಇರುತ್ತವೆ.

ಈ ವಿದ್ಯೆಗೆ ಹಲವು ಸಂಪ್ರದಾಯಗಳುಂಟು. 1990ರ ದಶಕದ ಮಧ್ಯದಲ್ಲಿ ಹುಟ್ಟಿದ ಪಿಪಿಟಿಪಿ ಇವುಗಳಲ್ಲಿ ಹಳೆಯದು. ಅದರ ಭದ್ರತೆ ದುರ್ಬಲವೆಂದು ಸಿದ್ಧವಾಗಿ, 2016ರಲ್ಲಿ ಆಪಲ್ ಸಂಸ್ಥೆ ತನ್ನ ಯಂತ್ರಗಳಿಂದ ಅದನ್ನು ಕೈಬಿಟ್ಟಿತು. ಐಪಿಸೆಕ್ ಎಂಬುದು ಅದೇ ದಶಕದಲ್ಲಿ ರೂಪುಗೊಂಡು ಇಂದಿಗೂ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಓಪನ್‌ವಿಪಿಎನ್ 2001ರದು. ವೈರ್‌ಗಾರ್ಡ್ ಎಂಬ ಸರಳ ಸಂಪ್ರದಾಯವನ್ನು 2020ರಲ್ಲಿ ಲಿನಕ್ಸ್ ತನ್ನ ಮೂಲದೊಳಗೇ ಸೇರಿಸಿಕೊಂಡಿತು. ಎರಡು ತುದಿಗಳೂ ಒಂದೇ ಸಂಪ್ರದಾಯವನ್ನು ಅನುಸರಿಸಬೇಕು. ಒಂದು ತುದಿ ಹಳೆಯದನ್ನೂ ಇನ್ನೊಂದು ಹೊಸದನ್ನೂ ಹಿಡಿದರೆ ಸಂಭಾಷಣೆಯೇ ಆರಂಭವಾಗದು. ಸಂರಚನೆಯ ದೋಷಗಳಲ್ಲಿ ಇದು ಮೊದಲನೆಯದು.

2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ದೇಶವೇ ಬಾಗಿಲು ಮುಚ್ಚಿದಾಗ ಈ ಸಂಗತಿ ಹಳ್ಳಿಗಳಿಗೆ ಬಂದಿತು. ಆ ತಿಂಗಳ 13ರಂದು ಕೇಂದ್ರದ ದೂರಸಂಪರ್ಕ ಇಲಾಖೆ ದೂರದಿಂದ ಕೆಲಸ ಮಾಡಿಸುವ ಸೇವಾಸಂಸ್ಥೆಗಳಿಗಿದ್ದ ನಿರ್ಬಂಧಗಳನ್ನು ಸಡಿಲಿಸಿ, ಮನೆಯಿಂದ ಕೆಲಸ ಮಾಡಲು ಅನುಕೂಲ ಮಾಡಿಕೊಟ್ಟಿತು. ಬೆಂಗಳೂರಿನ ಸಂಸ್ಥೆಗಳಲ್ಲಿದ್ದ ತರುಣತರುಣಿಯರು ಊರಿಗೆ ಮರಳಿ, ಕಾವೇರಿ, ಲಕ್ಷ್ಮಣತೀರ್ಥ, ಕಬಿನಿಗಳ ದಡದ ಮನೆಗಳಲ್ಲಿ ಕುಳಿತು ಕಾರ್ಯನಿರ್ವಹಿಸಿದರು. ಆ ಕಾಯಕವೆಲ್ಲ ನಿಂತದ್ದು ಈ ಕಾಣದ ಸುರಂಗದ ಮೇಲೆ. ಸುರಂಗ ಕುಸಿದ ದಿನ ಅವರಿಗೆ ಕೆಲಸವೂ ಇಲ್ಲ, ಕೆಲವರಿಗೆ ಸಂಬಳವೂ ಇಲ್ಲ ಎಂಬಂತಾಯಿತು.

ಅನ್ವಯ ಮತ್ತು ವ್ಯತಿರೇಕ

ಕಾರಣವನ್ನು ಗೊತ್ತುಮಾಡುವ ಬಗೆಯನ್ನು ತರ್ಕಶಾಸ್ತ್ರ ಬಹುಕಾಲದ ಹಿಂದೆಯೇ ಹೇಳಿದೆ. ಯಾವುದು ಇದ್ದಾಗ ಕಾರ್ಯವಿರುವುದೋ ಅದು ಅನ್ವಯ. ಯಾವುದು ಇಲ್ಲದಾಗ ಕಾರ್ಯವಿಲ್ಲವೋ ಅದು ವ್ಯತಿರೇಕ. ಎರಡೂ ಕೂಡಿದಾಗ ಕಾರಣದ ನಿಶ್ಚಯ. ವಿಪಿಎನ್‌ನ ದೋಷ ಪರೀಕ್ಷೆಗೆ ಇದಕ್ಕಿಂತ ಹೊಸದಾದ ಉಪಾಯ ಬೇಕಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ವ್ಯಾಪ್ತಿಯದು: ದೋಷ ಎಷ್ಟು ಜನರಿಗೆ, ಎಷ್ಟು ಊರುಗಳಲ್ಲಿ ತೋರುತ್ತಿದೆ? ಒಂದೇ ಕೋಣೆಯಲ್ಲೋ, ಜಿಲ್ಲೆಗೆಲ್ಲವೋ? 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ರಾಜ್ಯದಾದ್ಯಂತ ತಡವರಿಸಿತು. ಕೃತಕ ಬೇಡಿಕೆಗಳನ್ನು ಪುಂಖಾನುಪುಂಖವಾಗಿ ಕಳುಹಿಸಿದ ದಾಳಿಯೇ ಅದಕ್ಕೆ ಕಾರಣವೆಂದು ಅನಂತರ ಸರ್ಕಾರದ ಕಡೆಯಿಂದ ಪ್ರಕಟವಾಯಿತು. ಅಂತಹ ದಿನ ಒಂದು ಊರಿನ ಕಚೇರಿಯಲ್ಲಿ ತಂತಿಯನ್ನು ಕಿತ್ತು ಮರಳಿ ಸಿಕ್ಕಿಸಿದರೆ ಪ್ರಯೋಜನವೇನು? ದೋಷ ಕೋಣೆಯ ಹೊರಗಿದ್ದಾಗ ಕೋಣೆಯೊಳಗೆ ಹುಡುಕುವುದು ವ್ಯರ್ಥಶ್ರಮ. ಹಾಗೆಯೇ ದೋಷ ಕೋಣೆಯೊಳಗಿದ್ದಾಗ ‘ಸರ್ವರ್ ಇಲ್ಲ’ ಎನ್ನುವುದು ಅಸತ್ಯ.

ವ್ಯಾಪ್ತಿ ಒಂದೇ ಕೋಣೆಗೆ ಸೀಮಿತವೆಂದು ತಿಳಿದ ಮೇಲೆ ಮೂರು ಪರೀಕ್ಷೆಗಳನ್ನು ಮಾಡಬೇಕು. ಒಂದು: ಅದೇ ಯಂತ್ರವನ್ನು ಬೇರೆ ಮಾರ್ಗಕ್ಕೆ, ಅಂದರೆ ಮನೆಯ ವೈಫೈಯಿಂದ ತೆಗೆದು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ ನೋಡುವುದು. ಎರಡು: ಅದೇ ಮಾರ್ಗದಲ್ಲಿ ಬೇರೆ ಯಂತ್ರವನ್ನು ಜೋಡಿಸಿ ನೋಡುವುದು. ಮೂರು: ಬೇರೊಬ್ಬ ಸಹೋದ್ಯೋಗಿ ಅದೇ ಯಂತ್ರದಲ್ಲಿ ತನ್ನ ಸ್ವಂತ ಗುರುತಿನಿಂದ ಪ್ರವೇಶಿಸಿ ನೋಡುವುದು. ಮೊದಲನೆಯದರಲ್ಲಿ ಜೋಡಣೆ ಸಿದ್ಧಿಸಿದರೆ ದೋಷ ಮಾರ್ಗದ್ದು. ಎರಡನೆಯದರಲ್ಲಿ ಸಿದ್ಧಿಸಿದರೆ ಯಂತ್ರದ್ದು. ಮೂರನೆಯದರಲ್ಲಿ ಸಿದ್ಧಿಸಿದರೆ ಗುರುತಿನದ್ದು. ಮೂರರಲ್ಲಿಯೂ ಸಿದ್ಧಿಸದಿದ್ದರೆ ಆಚೆಯ ತುದಿಯ ದ್ವಾರವನ್ನು ಶಂಕಿಸಬಹುದು. ಇಲ್ಲಿ ನಿಯಮವೊಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೂರು ಮದ್ದುಗಳನ್ನು ಒಟ್ಟಿಗೆ ಕುಡಿಸಿದ ವೈದ್ಯನಿಗೆ ರೋಗ ಹೋದರೂ ಯಾವ ಮದ್ದಿನಿಂದ ಹೋಯಿತೆಂಬುದು ತಿಳಿಯದು. ಮುಂದಿನ ರೋಗಿಯ ಬಳಿ ಅವನು ಮತ್ತೆ ಅಜ್ಞನೇ.

ಇವೆಲ್ಲಕ್ಕೂ ಮುನ್ನ ಆಧಾರವನ್ನು ನೋಡಬೇಕೆಂಬುದನ್ನು ಮರೆಯಲಾಗದು. ವಿದ್ಯುತ್ತು ಇದೆಯೆ, ಮೋಡೆಮ್ಮಿನ ದೀಪ ಹಸಿರಾಗಿದೆಯೆ, ಸುರಂಗವಿಲ್ಲದೆ ಸಾಮಾನ್ಯ ಜಾಲತಾಣವೊಂದು ತೆರೆಯುತ್ತದೆಯೆ? ರಸ್ತೆ ಅಗೆಯುವಾಗ ನೆಲದಡಿಯ ಗಾಜಿನೆಳೆ ತುಂಡಾಗಿದ್ದರೆ ವಿಪಿಎನ್‌ನ ಸಂರಚನೆಯನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಅಡಿಪಾಯವಿಲ್ಲದೆ ಗೋಡೆಯ ವಿಚಾರವೆಲ್ಲಿ?

ನಾಲ್ಕು ದೃಷ್ಟಾಂತಗಳು

ಕ್ರಮ ಸ್ಪಷ್ಟವಾಗಲೆಂದು ನಾಲ್ಕು ತಾಲ್ಲೂಕುಗಳಿಗೆ ಒಂದೊಂದರಂತೆ ನಾಲ್ಕು ಕಲ್ಪಿತ ದೃಷ್ಟಾಂತಗಳನ್ನು ಇಲ್ಲಿ ಕೊಟ್ಟಿದೆ. ವ್ಯಕ್ತಿಗಳು ಕಲ್ಪಿತರು, ದೋಷಗಳು ನಿತ್ಯ ಕಾಣತಕ್ಕವು.

ಮೊದಲನೆಯದು ಮಾರ್ಗದೋಷ. ಕೃಷ್ಣರಾಜನಗರದ ಭತ್ತದ ಬಯಲಿನ ಊರೊಂದರಲ್ಲಿ ಎಂಜಿನಿಯರನೊಬ್ಬನು ಮನೆಯಿಂದ ಕೆಲಸ ಮಾಡುತ್ತಿರುವನೆಂದು ಭಾವಿಸಬಹುದು. ಹೊಸ ರೌಟರ್ ಹಾಕಿಸಿದ ದಿನದಿಂದ ಅವನ ಜೋಡಣೆ ಸಿದ್ಧಿಸುತ್ತಿಲ್ಲ. ಅದೇ ಗಣಕವನ್ನು ಮೊಬೈಲಿಗೆ ಜೋಡಿಸಿದರೆ ಕ್ಷಣಮಾತ್ರದಲ್ಲಿ ಸಿದ್ಧಿಸುತ್ತದೆ. ಆದಮೇಲೆ ಯಂತ್ರ, ಗುರುತು, ಕಚೇರಿಯ ದ್ವಾರ ಮೂರೂ ನಿರ್ದೋಷ. ದೋಷ ಮನೆಯ ಮಾರ್ಗದಲ್ಲಿದೆ. ಅಂತರ್ಜಾಲದಲ್ಲಿ ಒಂದೊಂದು ಬಗೆಯ ಸಂಚಾರಕ್ಕೆ ಒಂದೊಂದು ಸಂಖ್ಯೆಯ ಬಾಗಿಲಿದೆ. ಅದಕ್ಕೆ ಪೋರ್ಟ್ ಎಂದು ಹೆಸರು. ಐಪಿಸೆಕ್ ಸಂಪ್ರದಾಯಕ್ಕೆ 500 ಮತ್ತು 4500, ಓಪನ್‌ವಿಪಿಎನ್‌ಗೆ ವಾಡಿಕೆಯಾಗಿ 1194, ವೈರ್‌ಗಾರ್ಡ್‌ಗೆ 51820 ಎಂಬ ಬಾಗಿಲುಗಳು ಬೇಕು. ಹೊಸ ರೌಟರಿನ ಕಾವಲು ಈ ಬಾಗಿಲುಗಳನ್ನು ಮುಚ್ಚಿದ್ದರೆ ಸಂದೇಶ ಹೊರಡುವುದೇ ಇಲ್ಲ. ಚಿಕಿತ್ಸೆಯೆಂದರೆ ರೌಟರಿನ ಸಂರಚನೆಯಲ್ಲಿ ವಿಪಿಎನ್ ಸಂಚಾರಕ್ಕೆ ಅನುಮತಿ ಕೊಡುವುದು. ಅದು ಸಾಧ್ಯವಾಗದಿದ್ದರೆ, ಸುರಕ್ಷಿತ ಜಾಲತಾಣಗಳು ಬಳಸುವ 443ರ ಬಾಗಿಲಿನಿಂದಲೇ ಸುರಂಗವನ್ನು ಒದಗಿಸುವಂತೆ ಕಚೇರಿಯ ತಂತ್ರಜ್ಞರನ್ನು ಕೇಳುವುದು. ಇಡೀ ಕಾವಲನ್ನೇ ತೆಗೆದುಹಾಕುವುದು ಚಿಕಿತ್ಸೆಯಲ್ಲ. ಬೀಗ ತೆರೆಯದೆಂದು ಬಾಗಿಲನ್ನೇ ಕಿತ್ತೆಸೆದಂತೆ.

ಎರಡನೆಯದು ವಿಳಾಸದೋಷ. ಪಿರಿಯಾಪಟ್ಟಣದ ಸಹಕಾರ ಸಂಘವೊಂದರ ಶಾಖೆಯಲ್ಲಿ ಗುಮಾಸ್ತನು ಸುರಂಗವನ್ನು ಜೋಡಿಸಿದ್ದಾನೆ. ‘ಜೋಡಣೆಯಾಗಿದೆ’ ಎಂಬ ಸಂದೇಶವೂ ತೆರೆಯ ಮೇಲೆ ಬಂದಿದೆ. ಆದರೆ ಕೇಂದ್ರ ಕಚೇರಿಯ ಲೆಕ್ಕದ ಪುಸ್ತಕ ತೆರೆಯುತ್ತಿಲ್ಲ. ಬಾಗಿಲು ದಾಟಿದ ಮೇಲೆ ದಾರಿ ತಪ್ಪಿದೆ ಎಂದರ್ಥ. 1996ರಲ್ಲಿ ಗೊತ್ತುಮಾಡಿದ ನಿಯಮದ ಪ್ರಕಾರ ಖಾಸಗಿ ಬಳಕೆಗೆಂದು ಮೂರೇ ಸಂಖ್ಯಾಸಮೂಹಗಳು ಮೀಸಲಾಗಿವೆ. ಅವು 10ರಿಂದಲೂ, 172.16ರಿಂದ 172.31ರವರೆಗಿನ ಸಂಖ್ಯೆಗಳಿಂದಲೂ, 192.168ರಿಂದಲೂ ಆರಂಭವಾಗುತ್ತವೆ. ಅಂಗಡಿಯಿಂದ ತಂದ ಅನೇಕ ರೌಟರುಗಳು 192.168.1 ಎಂಬ ಒಂದೇ ಸಮೂಹವನ್ನು ಹಿಡಿದಿರುತ್ತವೆ. ಕೇಂದ್ರ ಕಚೇರಿಯಲ್ಲೂ ಅದೇ, ಶಾಖೆಯಲ್ಲೂ ಅದೇ ಆದರೆ ಗಣಕವು ಕೇಂದ್ರದ ಯಂತ್ರವನ್ನು ತನ್ನ ಕೋಣೆಯಲ್ಲೇ ಹುಡುಕುತ್ತದೆ. ಕೃಷ್ಣರಾಜನಗರದ ಸಮೀಪದಲ್ಲಿ ಒಂದು ಸಾಲಿಗ್ರಾಮವಿದೆ. ಉಡುಪಿ ಜಿಲ್ಲೆಯಲ್ಲಿ ಇನ್ನೊಂದು ಸಾಲಿಗ್ರಾಮವಿದೆ. ಜಿಲ್ಲೆಯ ಹೆಸರಿಲ್ಲದೆ ಹಾಕಿದ ಕಾಗದ ಹತ್ತಿರದ ಸಾಲಿಗ್ರಾಮಕ್ಕೆ ಹೋದರೆ ಅಂಚೆಯವನದು ತಪ್ಪಲ್ಲ. ಶಾಖೆಯ ರೌಟರಿಗೆ 192.168.57 ಎಂಬಂತಹ, ಕೇಂದ್ರದಲ್ಲಿ ಬಳಸದ ಬೇರೊಂದು ಸಮೂಹವನ್ನು ಕೊಡುವುದು ಇದಕ್ಕೆ ಚಿಕಿತ್ಸೆ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಉಂಟು. ಗಣಕಗಳಿಗೆ ಹೆಸರು ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಹೆಸರನ್ನು ಸಂಖ್ಯೆಗೆ ತಿರುಗಿಸಿಕೊಡುವ ನಿಘಂಟಿಗೆ ಡಿಎನ್‌ಎಸ್ ಎಂದು ಹೆಸರು. ಕಚೇರಿಯ ಒಳಗಿನ ಹೆಸರುಗಳು ಕಚೇರಿಯ ನಿಘಂಟಿನಲ್ಲಿ ಮಾತ್ರ ಇರುತ್ತವೆ. ಸುರಂಗ ಜೋಡಿಸಿದ ಮೇಲೂ ಗಣಕ ಹೊರಗಿನ ನಿಘಂಟನ್ನೇ ತೆರೆದರೆ ಪದ ಸಿಕ್ಕದು. ಪರೀಕ್ಷೆ ಸುಲಭ: ಹೆಸರಿನಿಂದ ತೆರೆಯದ ಯಂತ್ರ ಸಂಖ್ಯೆಯಿಂದ ತೆರೆದರೆ ದೋಷ ನಿಘಂಟಿನದು, ಸಂಖ್ಯೆಯಿಂದಲೂ ತೆರೆಯದಿದ್ದರೆ ವಿಳಾಸವನ್ನೂ ದಾರಿಯನ್ನೂ ನೋಡಬೇಕು.

ಮೂರನೆಯದು ಕಾಲದೋಷ. ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ದಿನಗಳು. ಖರೀದಿ ಸಂಸ್ಥೆಯೊಂದರ ಸಣ್ಣ ಕಚೇರಿಯಲ್ಲಿ ರಾತ್ರಿಯೆಲ್ಲ ವಿದ್ಯುತ್ತಿಲ್ಲ. ಬೆಳಿಗ್ಗೆ ಹಳೆಯ ಗಣಕವನ್ನು ಹಚ್ಚಿದರೆ ನಿನ್ನೆಯವರೆಗೆ ನಡೆದ ಜೋಡಣೆ ಇಂದು ಪ್ರಮಾಣಪತ್ರ ಸಿಂಧುವಲ್ಲವೆಂದು ನಿರಾಕರಿಸುತ್ತದೆ. ಪಾಸ್‌ವರ್ಡ್ ಬದಲಾಗಿಲ್ಲ, ಮಾರ್ಗ ಸರಿಯಾಗಿದೆ. ತೆರೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿದರೆ ಅದು ಹಲವು ವರ್ಷ ಹಿಂದಿನದು! ಯಂತ್ರದೊಳಗಿನ ಗುಂಡಿಯಾಕಾರದ ಸಣ್ಣ ಸೆಲ್ಲು ಸತ್ತಿರುವುದರಿಂದ, ವಿದ್ಯುತ್ತು ಹೋದೊಡನೆ ಗಡಿಯಾರ ಹಿಂದಕ್ಕೆ ಹೋಗಿದೆ. ಪ್ರತಿಯೊಂದು ಪ್ರಮಾಣಪತ್ರಕ್ಕೂ ಆರಂಭ ಮತ್ತು ಅಂತ್ಯ ಎಂಬ ಎರಡು ದಿನಾಂಕಗಳಿರುತ್ತವೆ. ತಪ್ಪು ಪಂಚಾಂಗ ಹಿಡಿದ ಗಣಕಕ್ಕೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ದಿನಾಂಕವನ್ನು ಸರಿಪಡಿಸಿ, ಕಾಲವನ್ನು ಅಂತರ್ಜಾಲದಿಂದ ತಾನಾಗಿ ಪಡೆಯುವಂತೆ ಮಾಡಿ, ಸೆಲ್ಲನ್ನು ಬದಲಿಸಿದರೆ ರೋಗ ನಿವಾರಣೆ. ಕಾಲದ ಮಹತ್ತ್ವ ಎಷ್ಟೆಂದರೆ, 2022ರ ಏಪ್ರಿಲ್ 28ರಂದು ದೇಶದ ಗಣಕಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ಆದೇಶದಲ್ಲಿ ಸಂಸ್ಥೆಗಳ ಗಡಿಯಾರಗಳು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲದೊಡನೆ ಹೊಂದಿರಬೇಕೆಂಬುದೂ ಒಂದು ವಿಧಿಯಾಗಿ ಸೇರಿತು.

ಗಡಿಯಾರ ಸರಿಯಾಗಿದ್ದೂ ಇದೇ ಮಾತು ಬಂದರೆ ಪತ್ರದ ಅವಧಿ ನಿಜವಾಗಿಯೇ ಮುಗಿದಿರಬಹುದು. ಆಗ ಹೊಸ ಪತ್ರ ಪಡೆಯುವುದೇ ದಾರಿ. ‘ಪರಿಶೀಲನೆ ಬೇಡ, ಮುಂದುವರಿಯಲಿ’ ಎಂಬ ಗುಂಡಿಯನ್ನು ಒತ್ತುವುದು ಸಾಕ್ಷಿಯಿಲ್ಲದ ಅಂಕಿತವನ್ನು ನಂಬಿದಂತೆ.

ನಾಲ್ಕನೆಯದು ಪರಿಮಾಣದೋಷ. ಇದು ಎಲ್ಲಕ್ಕಿಂತ ಮೋಸಗೊಳಿಸುವಂಥದು. ಹೆಗ್ಗಡದೇವನಕೋಟೆಯ ಕಡೆ ಕಬಿನಿ ಹಿನ್ನೀರಿನ ಅಂಚಿನ ಚಿಕಿತ್ಸಾಲಯವೊಂದು ಮೊಬೈಲ್ ಗೋಪುರದ ಸಂಕೇತದಿಂದಲೇ ಅಂತರ್ಜಾಲವನ್ನು ಪಡೆಯುತ್ತಿದೆಯೆಂದು ಇಟ್ಟುಕೊಳ್ಳಬಹುದು. ಅಲ್ಲಿಂದ ಸುರಂಗದ ಮೂಲಕ ರೋಗಿಯ ವಿವರಗಳು ಮೈಸೂರಿನ ಆಸ್ಪತ್ರೆಗೆ ಹೋಗಬೇಕು. ಹೆಸರು, ವಯಸ್ಸು, ಜ್ವರದ ಪ್ರಮಾಣ ಇವೆಲ್ಲ ಹೋಗುತ್ತವೆ. ಎಕ್ಸ್‌ರೇ ಚಿತ್ರವನ್ನು ಕಳುಹಿಸಿದರೆ ಅರ್ಧದಲ್ಲೇ ನಿಲ್ಲುತ್ತದೆ. ಜೋಡಣೆ ಇದೆ, ಚಿಕ್ಕದು ಹೋಗುತ್ತದೆ, ದೊಡ್ಡದು ಹೋಗದು. ಇದರ ಕಾರಣ ಹೀಗಿದೆ. ಅಂತರ್ಜಾಲದಲ್ಲಿ ಎಲ್ಲವೂ ಪೊಟ್ಟಣಗಳಾಗಿ ಸಾಗುತ್ತವೆ. ಒಂದು ಪೊಟ್ಟಣದ ವಾಡಿಕೆಯ ಗರಿಷ್ಠ ಗಾತ್ರ 1500 ಬೈಟುಗಳು. ಈ ಮಿತಿಗೆ ಎಂಟಿಯು ಎಂದು ಹೆಸರು. ಸುರಂಗವು ಪ್ರತಿ ಪೊಟ್ಟಣಕ್ಕೂ ತನ್ನದೊಂದು ಹೊದಿಕೆಯನ್ನು ಹೊದಿಸುತ್ತದೆ. ಹೊದಿಕೆ ಸೇರಿದಾಗ ತುಂಬಿದ ಪೊಟ್ಟಣ ಮಿತಿಯನ್ನು ಮೀರುತ್ತದೆ. ನಡುವಣ ಯಾವುದೋ ಯಂತ್ರ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಮೂಟೆ ಹೊತ್ತ ಗಾಡಿ ಊರಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಬರಿಯ ಗಾಡಿ ನಿರಾಯಾಸವಾಗಿ ಹೋಗುತ್ತದೆ.

ಪರೀಕ್ಷೆಗೆ ಪಿಂಗ್ ಎಂಬ ಸರಳ ಆದೇಶವಿದೆ. ಪೊಟ್ಟಣವನ್ನು ಒಡೆಯಕೂಡದೆಂಬ ನಿಬಂಧನೆಯೊಡನೆ, ಸುರಂಗದ ಮೂಲಕ ಆಚೆಯ ಗಣಕಕ್ಕೆ 1472 ಬೈಟುಗಳ ಹೊರೆಯನ್ನು ಕಳುಹಿಸಬೇಕು. ಶಿರೋಲೇಖದ 28 ಸೇರಿ ಅದು 1500 ಆಗುತ್ತದೆ. ಉತ್ತರ ಬಾರದಿದ್ದರೆ ಉತ್ತರ ಬರುವವರೆಗೆ ಹೊರೆಯನ್ನು ಇಳಿಸುತ್ತ ಹೋಗಬೇಕು. 1372ಕ್ಕೆ ಉತ್ತರ ಬಂದು ಅದಕ್ಕಿಂತ ಹೆಚ್ಚಿಗೆ ಬಾರದಿದ್ದರೆ ಸುರಂಗದ ಮಿತಿಯನ್ನು 1400 ಎಂದು ಸಂರಚನೆಯಲ್ಲಿ ಬರೆದರೆ ಚಿತ್ರ ಸಾಗುತ್ತದೆ. ನಾಲ್ಕಂಕಿಯ ಒಂದು ಸಂಖ್ಯೆಯನ್ನು ತಿದ್ದುವುದರಿಂದ ಮೈಸೂರಿನ ವೈದ್ಯರು ಆ ದಿನವೇ ಚಿತ್ರವನ್ನು ನೋಡುವಂತಾಗುತ್ತದೆ. ಈ ಸಂಖ್ಯೆ ತಿಳಿಯದಿದ್ದರೆ ರೋಗಿ ಬಸ್ಸು ಹತ್ತಬೇಕಾಗುತ್ತದೆ.

ಮೊಬೈಲ್ ಮಾರ್ಗದಲ್ಲಿ ಇನ್ನೊಂದು ದೋಷವೂ ಸಾಮಾನ್ಯ. ಕೆಲವು ನಿಮಿಷ ಮೌನವಾಗಿದ್ದರೆ ನಡುವಣ ಯಂತ್ರಗಳು ಈ ಸಂಭಾಷಣೆಯನ್ನೇ ಮರೆತುಬಿಡುತ್ತವೆ. ಕೆಲಸ ಮಾಡುವಾಗ ಸುರಂಗ ಗಟ್ಟಿಯಾಗಿರುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಮುರಿದಿರುತ್ತದೆ. ಆಗಾಗ ‘ಇದ್ದೇನೆ’ ಎಂದು ಸೂಚಿಸುವ ಸಣ್ಣ ಸಂದೇಶವನ್ನು ತಾನಾಗಿ ಕಳುಹಿಸುವ ಏರ್ಪಾಡು ಇದಕ್ಕೆ ಉಪಾಯ. ವೈರ್‌ಗಾರ್ಡ್‌ನಲ್ಲಿ ಇದಕ್ಕೆ 25 ಸೆಕೆಂಡುಗಳ ಅಂತರವನ್ನು ಸೂಚಿಸಲಾಗಿದೆ.

ದೋಷಸಂಖ್ಯೆಗಳ ಅರ್ಥ

ಯಂತ್ರ ಮೂಕವಲ್ಲ. ಜೋಡಣೆ ಸಿದ್ಧಿಸದಿದ್ದಾಗ ತೆರೆಯ ಮೇಲೆ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಬಹುಮಂದಿ ಅದನ್ನು ಓದದೆಯೇ ಮುಚ್ಚಿಬಿಡುತ್ತಾರೆ. ವಿಂಡೋಸ್ ಗಣಕಗಳಲ್ಲಿ ಹೆಚ್ಚಾಗಿ ಕಾಣುವ ಸಂಖ್ಯೆಗಳ ಅರ್ಥ ಹೀಗಿದೆ. 868 ಬಂದರೆ ದ್ವಾರದ ಹೆಸರು ನಿಘಂಟಿನಲ್ಲಿ ದೊರೆಯಲಿಲ್ಲ. ಹೆಸರಿನ ಕಾಗುಣಿತವನ್ನೂ ಅಂತರ್ಜಾಲದ ಆಧಾರವನ್ನೂ ನೋಡಬೇಕು. 809 ಬಂದರೆ ಆಚೆಯ ತುದಿಯಿಂದ ಉತ್ತರವಿಲ್ಲ. ಮೊದಲ ದೃಷ್ಟಾಂತದಂತೆ ಬಾಗಿಲು ಮುಚ್ಚಿರುವ ಸಂಭವ ಹೆಚ್ಚು. 789 ಬಂದರೆ ಉತ್ತರ ಬಂದಿದೆ, ಆದರೆ ಭದ್ರತೆಯ ಮೊದಲ ಮಾತುಕತೆಯಲ್ಲೇ ಒಮ್ಮತವಾಗಿಲ್ಲ. ಎರಡೂ ಕಡೆಯ ಹಂಚಿಕೆಯ ಕೀಲಿ ಅಥವಾ ಪ್ರಮಾಣಪತ್ರ ಹೊಂದುತ್ತಿಲ್ಲ. 691 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ. ಹೆಸರು ಸಿಕ್ಕಿತೆ, ದಾರಿ ತೆರೆದಿತೆ, ಭದ್ರತೆಯ ಒಪ್ಪಂದವಾಯಿತೆ, ಗುರುತು ಸ್ವೀಕಾರವಾಯಿತೆ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿ ಕಾಲು ಜಾರಿತೆಂಬುದನ್ನು ಈ ಸಂಖ್ಯೆಗಳೇ ಹೇಳುತ್ತವೆ. 691 ಬಂದಾಗ ರೌಟರನ್ನು ಬದಲಿಸುವವನೂ 809 ಬಂದಾಗ ಪಾಸ್‌ವರ್ಡನ್ನು ಬದಲಿಸುವವನೂ ಸಮಾನವಾಗಿ ಶ್ರಮವನ್ನು ಹಾಳುಮಾಡುತ್ತಾರೆ.

ಅಪಥ್ಯಗಳು

ಚಿಕಿತ್ಸೆಯಷ್ಟೇ ಪಥ್ಯವೂ ಮುಖ್ಯ. ಬಿಡತಕ್ಕವು ನಾಲ್ಕು. ಸುರಂಗ ಜೋಡಣೆಯಾಗಲೆಂದು ಫೈರ್‌ವಾಲನ್ನೋ ವೈರಸ್ ಕಾವಲನ್ನೋ ತೆಗೆದು ಹಾಗೆಯೇ ಬಿಡುವುದು ಮೊದಲನೆಯದು. ಪರೀಕ್ಷೆಗಾಗಿ ಕ್ಷಣಕಾಲ ತೆಗೆಯಬೇಕಾದರೂ ಕಚೇರಿಯ ತಂತ್ರಜ್ಞರ ಅನುಮತಿಯಿಂದ ತೆಗೆದು, ಒಡನೆಯೇ ಮರಳಿ ಹಾಕಬೇಕು. ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸುವುದು ಎರಡನೆಯದು. ಆಮೇಲೆ ನಡೆದ ಯಾವ ತಪ್ಪಿಗೂ ಕರ್ತೃ ಯಾರೆಂಬುದು ತಿಳಿಯದಂತಾಗುತ್ತದೆ. ಮೂರನೆಯದು, ಕಾರಣ ತಿಳಿಯದೆಯೇ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದು. ಇದರಿಂದ ಕೆಲವೊಮ್ಮೆ ಕೀಲಿಯೂ ಪ್ರಮಾಣಪತ್ರವೂ ಅಳಿದು, ಒಂದು ರೋಗ ಎರಡಾಗುತ್ತದೆ. ಕಚೇರಿಯ ಸುರಂಗ ಕೆಟ್ಟಿತೆಂದು ಅಪರಿಚಿತರ ಉಚಿತ ವಿಪಿಎನ್‌ಗಳನ್ನು ತಂದು ಹಾಕಿಕೊಳ್ಳುವುದು ನಾಲ್ಕನೆಯದು. ಅದು ಕಚೇರಿಯ ದ್ವಾರಕ್ಕೆ ಒಯ್ಯುವುದಂತೂ ಇಲ್ಲ. ಮನೆಯ ಸಂದೇಶಗಳೆಲ್ಲ ಯಾರದೋ ಅಂಗಳದಲ್ಲಿ ಹಾದುಹೋಗುವಂತೆ ಮಾತ್ರ ಆಗುತ್ತದೆ.

ಇಲ್ಲಿ ಶಂಕೆಯೊಂದು ಹುಟ್ಟಬಹುದು: ‘ಗುಪ್ತಮಾರ್ಗವೆಂಬುದೇ ಕಾನೂನಿಗೆ ವಿರೋಧವಲ್ಲವೆ?’ ಎಂದು. ಹಾಗಿಲ್ಲ. ಬ್ಯಾಂಕು, ಆಸ್ಪತ್ರೆ, ಉದ್ಯಮ, ಸರ್ಕಾರಗಳು ತಮ್ಮ ಕರ್ತವ್ಯಪಾಲನೆಗೆ ಇದನ್ನು ಬಳಸುತ್ತವೆ. 2022ರ ಆದೇಶವು ಸಾರ್ವಜನಿಕರಿಗೆ ವಿಪಿಎನ್ ಸೇವೆಯನ್ನು ಒದಗಿಸುವವರು ಬಳಕೆದಾರರ ವಿವರಗಳನ್ನು 5 ವರ್ಷ ಕಾಪಾಡಬೇಕೆಂದು ವಿಧಿಸಿತು. ಸಂಸ್ಥೆಗಳು ತಮ್ಮ ನೌಕರರಿಗಾಗಿ ಇಟ್ಟುಕೊಂಡ ಸುರಂಗಗಳಿಗೆ ಆ ನಿಬಂಧನೆ ಅನ್ವಯಿಸದೆಂದು ಬಳಿಕ ವಿವರಣೆಯೂ ಬಂದಿತು. ಬಾಗಿಲಿಗೆ ಅಗಣಿ ಹಾಕುವುದು ಅಪರಾಧವಲ್ಲ. ಅಗಣಿ ಹಾಕಿಕೊಂಡು ಒಳಗೆ ಮಾಡುವ ಕೆಲಸ ಎಂಥದೆಂಬುದೇ ವಿಚಾರಣೀಯ. ವಿದ್ಯಾರ್ಥಿಗಳಿಗೆ ಈ ವಿವೇಕವನ್ನು ಹೇಳಿಕೊಡಬೇಕಾದವರು ಅಧ್ಯಾಪಕರು.

ಉಪಸಂಹಾರ

ಮೇಲಿನ ಸಂಗತಿಗಳನ್ನೆಲ್ಲ ಒಂದು ಕಚೇರಿಯಲ್ಲೋ ಶಾಲೆಯಲ್ಲೋ ಆಚರಣೆಗೆ ತರಲು ಹೆಚ್ಚಿನ ಹಣ ಬೇಕಿಲ್ಲ. ಗಣಕದ ಪಕ್ಕದಲ್ಲಿ ಒಂದು ಬರೆಯುವ ಪುಸ್ತಕ ಇರಬೇಕು. ದೋಷ ತೋರಿದ ದಿನ ಮತ್ತು ವೇಳೆ, ತೆರೆಯ ಮೇಲಿನ ಸಂಖ್ಯೆ, ಅದಕ್ಕೆ ಮುನ್ನ ಏನು ಬದಲಾಯಿತು, ಏನನ್ನು ಪರೀಕ್ಷಿಸಿದರು, ಯಾವುದರಿಂದ ಸರಿಹೋಯಿತು ಈ ಐದನ್ನು ಅದರಲ್ಲಿ ಬರೆಯುತ್ತ ಹೋದರೆ ವರ್ಷಾಂತ್ಯಕ್ಕೆ ಆ ಊರಿನ, ಆ ಮಾರ್ಗದ, ಆ ಯಂತ್ರದ ನಿದಾನಗ್ರಂಥವೇ ಸಿದ್ಧವಾಗುತ್ತದೆ. ಬೆಂಗಳೂರಿನ ತಂತ್ರಜ್ಞನಿಗೆ ದೂರವಾಣಿ ಮಾಡುವಾಗಲೂ ‘ಕೆಟ್ಟಿದೆ’ ಎನ್ನುವುದಕ್ಕೂ ‘ಮನೆಯ ಮಾರ್ಗದಲ್ಲಿ 809 ಬರುತ್ತಿದೆ, ಮೊಬೈಲಿನಲ್ಲಿ ಜೋಡಣೆಯಾಗುತ್ತಿದೆ’ ಎನ್ನುವುದಕ್ಕೂ ಅಂತರ ಬಹಳ. ಎರಡನೆಯ ಮಾತಿನಲ್ಲಿ ಅರ್ಧ ಚಿಕಿತ್ಸೆ ಆಗಲೇ ಮುಗಿದಿದೆ.

ಶರಣರು ಕಾಯಕವನ್ನು ಪೂಜೆಗೆ ಸಮಾನವಾಗಿ ಕಂಡರು. ಕಾಯಕ ಎಂದರೆ ಕುರ್ಚಿಯಲ್ಲಿ ಕುಳಿತಿರುವುದಲ್ಲ; ಮುಂದೆ ನಿಂತವನ ಅಗತ್ಯ ತೀರುವಂತೆ ದುಡಿಯುವುದು. ಯಂತ್ರ ಕೆಡುವುದು ಸಹಜ. ಕೆಟ್ಟದ್ದರ ಕಾರಣವನ್ನು ಹುಡುಕದಿರುವುದು ಸಹಜವಲ್ಲ, ಔದಾಸೀನ್ಯ. ಈ ಸೀಮೆಯ ವಿದ್ಯಾಶಾಲೆಗಳಲ್ಲಿ ಓದಿದ ಅನೇಕರು ಇಂದು ಕಚೇರಿಗಳ ಕಿಟಕಿಯ ಒಳಬದಿಯಲ್ಲಿ ಕುಳಿತಿದ್ದಾರೆ. ಅವರ ತಂದೆತಾಯಿಗಳ ವಯಸ್ಸಿನವರು ಹೊರಬದಿಯಲ್ಲಿ ನಿಂತಿದ್ದಾರೆ. ಒಳಗಿರುವವನು ‘ಸರ್ವರ್ ಇಲ್ಲ’ ಎಂದು ಬಾಗಿಲು ಮುಚ್ಚುವುದಕ್ಕೆ ಬದಲಾಗಿ, ‘ದಾರಿಯಲ್ಲಿ ಒಂದು ತೊಡಕಿದೆ ಅಜ್ಜ, ಎಲ್ಲಿದೆಯೆಂದು ನೋಡುತ್ತಿದ್ದೇನೆ, ಕುಳಿತಿರಿ’ ಎಂದು ಹೇಳಿ, ಹೇಳಿದಂತೆ ನೋಡಿದರೆ, ಅವನು ಕಲಿತ ವಿದ್ಯೆ ಸಾರ್ಥಕವಾಯಿತೆಂದು ತಿಳಿಯಬಹುದು.